ಪೋಸ್ಟ್‌ಗ್ರೆಸ್‌ಕ್ಯೂಎಲ್: ವಿಂಡೋಸ್‌ಗೆ ಒಗ್ಗಿಸಿದ ಇತಿಹಾಸ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಡೇಟಾಬೇಸ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಯೋಜನೆ ಇದರ ಮೂಲ. ಈಗಿನ ಹೆಸರು ಬಂದದ್ದು 1996ರಲ್ಲಿ. ಅದರ ರಚನೆಯೆಲ್ಲ ಯುನಿಕ್ಸ್‌ಗೆ ತಕ್ಕಂತೆ ಇತ್ತು. ವಿಂಡೋಸ್‌ನಲ್ಲಿ ಬೇಕೆಂದವರು ಸಿಗ್ವಿನ್ ಎಂಬ ಅನುಕರಣ ಪದರದ ಮೇಲೆ ಅದನ್ನು ಓಡಿಸಬೇಕಿತ್ತು. ಕಲಿಯುವವರಿಗೆ ಅದು ಸಾಕು, ಕಚೇರಿಯ ಲೆಕ್ಕಪತ್ರಕ್ಕೆ ಸಾಲದು.

ದೊಡ್ಡ ತೊಡಕು ಫೋರ್ಕ್ ಎಂಬ ಕ್ರಿಯೆಯದು. ಹೊಸ ಬಳಕೆದಾರ ಸಂಪರ್ಕಿಸಿದಾಗ ಯುನಿಕ್ಸ್‌ನಲ್ಲಿ ಮುಖ್ಯ ಪ್ರಕ್ರಿಯೆ ತನ್ನದೇ ನಕಲೊಂದನ್ನು ಹುಟ್ಟಿಸುತ್ತದೆ. ತೆರೆದ ಕಡತ, ಸ್ಮೃತಿ ಎಲ್ಲವೂ ಮರಿಗೆ ತಾನಾಗಿ ಬರುತ್ತವೆ. ವಿಂಡೋಸ್‌ನಲ್ಲಿ ಹಾಗಿಲ್ಲ. ಅಲ್ಲಿ ಹೊಸ ಪ್ರಕ್ರಿಯೆ ಬರಿಗೈಯಲ್ಲಿ ಹುಟ್ಟುತ್ತದೆ, ಬೇಕಾದ ಮಾಹಿತಿಯನ್ನೆಲ್ಲ ಅದಕ್ಕೆ ಬೇರೆ ದಾರಿಯಿಂದ ದಾಟಿಸಬೇಕು. ಪ್ರಕ್ರಿಯೆಗಳು ಒಂದಕ್ಕೊಂದು ಕಳಿಸುವ ಯುನಿಕ್ಸ್ ಸಂಕೇತಗಳ (ಸಿಗ್ನಲ್) ಬದಲು ನೇಮ್ಡ್ ಪೈಪ್ ಎಂಬ ಸಂಪರ್ಕ ಮಾರ್ಗ ಬಳಸಲಾಯಿತು. ತೆರೆದಿರುವ ಕಡತದ ಹೆಸರು ಬದಲಿಸಲು ಹೋದರೆ ವಿಂಡೋಸ್ ಒಪ್ಪದು; ಅದಕ್ಕಾಗಿ ಮತ್ತೆ ಮತ್ತೆ ಯತ್ನಿಸುವ ಕೋಡ್ ಬರೆದರು. ಬ್ರೂಸ್ ಮಾಮ್ಜಿಯನ್, ಯಾನ್ ವೀಕ್, ಕ್ಲಾಡಿಯೊ ನಟೋಲಿ, ಮ್ಯಾಗ್ನಸ್ ಹಗಾಂಡರ್ ಈ ಕೆಲಸದಲ್ಲಿ ಕೈಜೋಡಿಸಿದವರು.

2005ರ ಜನವರಿ 19ರಂದು ಬಿಡುಗಡೆಯಾದ 8.0 ಆವೃತ್ತಿ ವಿಂಡೋಸ್ 2000, ಎಕ್ಸ್‌ಪಿ, 2003ರಲ್ಲಿ ನೇರವಾಗಿ ಓಡಿತು. ಆಗ ಇನ್ನೂ ಬಳಕೆಯಲ್ಲಿದ್ದ ವಿಂಡೋಸ್ 98 ಹೊರಗುಳಿಯಿತು. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಶುರುಮಾಡಿದರೆ ಸರ್ವರ್ ಓಡಲು ಒಪ್ಪುತ್ತಿರಲಿಲ್ಲ. ಎಲ್ಲವನ್ನೂ ಆ ಒಂದೇ ಖಾತೆಯಿಂದ ನಡೆಸುವ ಅಭ್ಯಾಸದವರಿಗೆ ಇದು ಕಿರಿಕಿರಿ. ಭದ್ರತೆಯ ದೃಷ್ಟಿಯಿಂದ ನಿರ್ಧಾರ ಸರಿಯಾಗಿಯೇ ಇತ್ತು.

ಕನ್ನಡಿಗರ ಮಟ್ಟಿಗೆ ಮಾತ್ರ 8.0 ಅರ್ಧ ಕೆಲಸ. ವಿಂಡೋಸ್ ಒಳಗೆ ಬಳಸುವುದು ಯುಟಿಎಫ್-16. ಡೇಟಾಬೇಸ್ ಕನ್ನಡವನ್ನು ಇಡುವುದು ಯುಟಿಎಫ್-8ರಲ್ಲಿ, ಅಕ್ಷರಸಂಕೇತವೊಂದಕ್ಕೆ 3 ಬೈಟ್‌ನಂತೆ. ಎರಡರ ನಡುವಿನ ಪರಿವರ್ತನೆಯನ್ನು ಅಳವಡಿಸಿದ 8.1 ಬಂದದ್ದು 2005ರ ನವೆಂಬರ್‌ನಲ್ಲಿ. ಹಳ್ಳಿಖೇಡ (ಬಿ) ಎಂಬಂಥ ಊರ ಹೆಸರನ್ನು ಕನ್ನಡದಲ್ಲೇ ಬರೆದು ವಿಂಡೋಸ್ ಯಂತ್ರದಲ್ಲಿ ನೆಚ್ಚಿಕೆಯಿಂದ ವಿಂಗಡಿಸುವ ದಾರಿ ತೆರೆದದ್ದು ಆಗಲೇ.

ಅಕಾರಾದಿ ಕ್ರಮದ ತಕರಾರು ಅಲ್ಲಿಗೂ ಮುಗಿಯಲಿಲ್ಲ. ಯುನಿಕೋಡ್ ಕೋಷ್ಟಕದಲ್ಲಿ ‘ಳ’ ಇರುವುದು ‘ಲ’ದ ಬೆನ್ನಿಗೇ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ. ಬರೀ ಬೈಟ್ ಲೆಕ್ಕದಲ್ಲಿ ವಿಂಗಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಿಘಂಟಿನ ಕ್ರಮ ಇದಕ್ಕೆ ತಿರುಗುಮುರುಗು. ಬಹುಕಾಲ ವಿಂಗಡಣೆಯ ಕೆಲಸವನ್ನು ಆಯಾ ಕಾರ್ಯಾಚರಣಾ ವ್ಯವಸ್ಥೆಗೇ ಬಿಟ್ಟಿದ್ದರಿಂದ ಲಿನಕ್ಸ್‌ನ ಪಟ್ಟಿಗೂ ವಿಂಡೋಸ್‌ನ ಪಟ್ಟಿಗೂ ತಾಳೆಯಾಗುವ ಖಾತರಿ ಇರಲಿಲ್ಲ. 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಯುನಿಕೋಡ್ ತಂತ್ರಾಂಶ ಗ್ರಂಥಾಲಯದ ವಿಂಗಡಣೆ ನಿಯಮಗಳನ್ನೂ ಆರಿಸಿಕೊಳ್ಳಬಹುದಾಯಿತು.

ಕಾರ್ಯಾಚರಣಾ ವ್ಯವಸ್ಥೆಯ ಕ್ರಮವನ್ನೇ ನೆಚ್ಚಿದವರಿಗೆ ಇನ್ನೊಂದು ತೊಡಕೂ ಎದುರಾಯಿತು: 2018ರಲ್ಲಿ ಲಿನಕ್ಸ್‌ನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿ ತನ್ನ 2.28 ಆವೃತ್ತಿಯಲ್ಲಿ ವಿಂಗಡಣೆಯ ಕ್ರಮವನ್ನೇ ಬದಲಿಸಿತು. ಅದಕ್ಕಿಂತ ಹಳೆಯ ಲಿನಕ್ಸ್‌ನಿಂದ ಕಡತಗಳನ್ನು ಹಾಗೆಯೇ ಹೊಸದಕ್ಕೆ ಒಯ್ಯುವವರು ಪಠ್ಯದ ಮೇಲಿನ ಸೂಚಿಗಳನ್ನು (ಇಂಡೆಕ್ಸ್) ಹೊಸದಾಗಿ ಕಟ್ಟಿಕೊಳ್ಳಬೇಕು. ಇಲ್ಲವಾದರೆ ಇರುವ ದಾಖಲೆಯೂ ಹುಡುಕಾಟದಲ್ಲಿ ಸಿಗದೆ ಹೋಗಬಹುದು.