ಕೊನೆಯ ರೇಸಿಗೆ ಮುಂಚಿನ ದಿನಗಳು

1959ರ ಸೆಪ್ಟೆಂಬರ್ 13ರಂದು ಇಟಲಿಯ ಮೋಂಜಾದಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದರು. ಆ ವರ್ಷದ ಫಾರ್ಮುಲಾ ಒನ್ ಪಟ್ಟಕ್ಕೆ ಆಗ ಉಳಿದಿದ್ದದ್ದು ಒಂದೇ ರೇಸ್, ಅಮೆರಿಕದ ಫ್ಲಾರಿಡಾದ ಸೀಬ್ರಿಂಗ್‌ನಲ್ಲಿ. ದಿನಾಂಕ ಡಿಸೆಂಬರ್ 12. ನಡುವೆ ತೊಂಬತ್ತು ದಿನ. ಯುರೋಪಿನಲ್ಲಿ ಎಲೆ ಉದುರಿತು, ಚಳಿ ಏರಿತು, ಕ್ರಿಸ್‌ಮಸ್ ಹತ್ತಿರ ಬಂತು; ಚಾಂಪಿಯನ್ ಯಾರೆಂಬುದು ಮಾತ್ರ ಗೊತ್ತಾಗಲಿಲ್ಲ. ಜಾಕ್ ಬ್ರಾಬಮ್ 31 ಅಂಕ, ಮಾಸ್ 25.5, ಟೋನಿ ಬ್ರೂಕ್ಸ್ 23. ಮೂವರಿಗೂ ಬಾಗಿಲು ತೆರೆದೇ ಇತ್ತು.

ಈಗಿನ ಅಭಿಮಾನಿಗೆ ಅಷ್ಟು ದಿನ ಕಾಯುವುದೆಂದರೆ ಶಿಕ್ಷೆಯೇ ಸರಿ. 2021ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವರ್‌ಸ್ಟಾಪನ್ ತಲಾ 369.5 ಅಂಕ ಹೊತ್ತು ಅಬುಧಾಬಿಗೆ ಬಂದಾಗ ಹಿಂದಿನ ರೇಸ್ ಮುಗಿದು ಒಂದೇ ವಾರವಾಗಿತ್ತು. ಆ ಒಂದು ವಾರವೇ ಒಂದು ಯುಗದಂತಾಯಿತೆಂದು ಜಗತ್ತೆಲ್ಲ ಗೊಣಗಿತು.

ಸೀಬ್ರಿಂಗ್ ಹಿಂದೆ ಯುದ್ಧಕಾಲದ ವಾಯುನೆಲೆ. ಅಲ್ಲಿ ಅಲೆಕ್ ಉಲ್ಮನ್ ಎಂಬ ಸಂಘಟಕರು ಅಮೆರಿಕಕ್ಕೆ ಫಾರ್ಮುಲಾ ಒನ್ ತಂದಿದ್ದರು. ಮೊದಲ ಸುತ್ತಿನಲ್ಲೇ ಬ್ರೂಕ್ಸ್ ಅವರ ಫೆರಾರಿಗೆ ಹಿಂದಿನಿಂದ ಗುದ್ದಿದ್ದು ಬೇರಾರೂ ಅಲ್ಲ, ಅವರದೇ ತಂಡದ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್. ಪೆಟ್ಟು ಬಿದ್ದ ಕಾರನ್ನು ಪರೀಕ್ಷಿಸದೆ ಓಡಿಸುವುದಿಲ್ಲ ಎಂದು ಹಳೆಯ ಅಪಘಾತಗಳ ನಂತರ ತಮಗೆ ತಾವೇ ಮಾತು ಕೊಟ್ಟುಕೊಂಡಿದ್ದ ಬ್ರೂಕ್ಸ್, ಪಿಟ್‌ಗೆ ಬಂದು ಎರಡು ನಿಮಿಷ ಕಳೆದುಕೊಂಡರು. ಮಾಸ್ ಅವರ ಗೇರ್‌ಬಾಕ್ಸ್ ಕೆಲವೇ ಸುತ್ತುಗಳಲ್ಲಿ ಕೈಕೊಟ್ಟಿತು. ಎಲ್ಲರಿಗಿಂತ ಮುಂದಿದ್ದ ಬ್ರಾಬಮ್ ಅವರ ಕೂಪರ್ ಕಾರಿನಲ್ಲಿ ಕೊನೆಯ ಸುತ್ತಿನಲ್ಲಿ ಪೆಟ್ರೋಲೇ ಮುಗಿಯಿತು. ಇಳಿದು, ಯಾರ ಸಹಾಯವನ್ನೂ ಪಡೆಯದೆ, ಏರುಹಾದಿಯಲ್ಲಿ ಕಾರನ್ನು ತಳ್ಳುತ್ತ ಗುರಿ ದಾಟಿ ನೆಲಕ್ಕೆ ಕುಸಿದರು. ನಾಲ್ಕನೆಯ ಸ್ಥಾನ. ಗೆದ್ದದ್ದು ಅವರದೇ ತಂಡದ 22 ವರ್ಷದ ಬ್ರೂಸ್ ಮೆಕ್ಲಾರೆನ್.

ಆ ತಳ್ಳುವಿಕೆಯ ಚಿತ್ರ ರೇಸಿಂಗ್ ಪುಸ್ತಕಗಳಲ್ಲೆಲ್ಲ ಇದೆ. ಆದರೆ ಪಟ್ಟದ ಲೆಕ್ಕಕ್ಕೆ ಅದರಿಂದ ಒಂದು ಅಂಕವೂ ಸೇರಲಿಲ್ಲ! ಆಗಿನ ನಿಯಮದಂತೆ ಚಾಲಕನ ಅತ್ಯುತ್ತಮ ಐದು ಫಲಿತಾಂಶಗಳಷ್ಟೇ ಲೆಕ್ಕಕ್ಕೆ ಬರುತ್ತಿದ್ದವು. ಬ್ರಾಬಮ್ ಬಳಿ ಆಗಲೇ ನಾಲ್ಕನೆಯ ಸ್ಥಾನಕ್ಕಿಂತ ಮೇಲಿನ ಐದು ಫಲಿತಾಂಶಗಳಿದ್ದವು. ಬೆವರು ಸುರಿಸಿ ಗಳಿಸಿದ 3 ಅಂಕ ಕಸದ ಬುಟ್ಟಿಗೆ ಹೋಯಿತು, 31 ಹಾಗೇ ಉಳಿಯಿತು, ಪಟ್ಟ ಅಷ್ಟರಿಂದಲೇ ಬಂತು.

ಕೊನೆಯ ರೇಸಿಗೆ ಕಾಯುವವರ ಮುಖ್ಯ ಕಸುಬು ಈ ಲೆಕ್ಕವೇ. ಯಾರು ಎಷ್ಟನೆಯವರಾದರೆ ಯಾರಿಗೆ ಪಟ್ಟ ಎಂದು ಚೀಟಿಯ ಮೇಲೆ ಗೀಚುವುದು ಅಂದಿನಿಂದ ಇಂದಿನವರೆಗೆ ನಿಂತಿಲ್ಲ. 1958ರಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾಕ್ಕೆ ಹೋಗುವ ಮೊದಲು ಇಂಗ್ಲೆಂಡಿನ ಜನರಿಗೆ ಆರು ವಾರ ಸಿಕ್ಕಿತ್ತು. ಸ್ಪರ್ಧಿಗಳಿಬ್ಬರೂ ಇಂಗ್ಲಿಷರೇ. ಮೈಕ್ ಹಾಥಾರ್ನ್ 40, ಮಾಸ್ 32. ಮಾಸ್ ಗೆಲ್ಲಬೇಕು, ಅತಿ ವೇಗದ ಸುತ್ತನ್ನೂ ತಮ್ಮದಾಗಿಸಿಕೊಳ್ಳಬೇಕು, ಹಾಥಾರ್ನ್ ಎರಡನೆಯ ಸ್ಥಾನಕ್ಕೂ ಬರಬಾರದು. ಮಾಸ್ ತಮ್ಮ ಕೈಯಲ್ಲಿದ್ದ ಎರಡನ್ನೂ ಮಾಡಿದರು. ಹಾಥಾರ್ನ್ ಎರಡನೆಯವರಾದರು. 42ಕ್ಕೆ 41.

ಆ ಒಂದು ಅಂಕದ ಹಿಂದೆ ಇನ್ನೊಂದು ಕಥೆಯಿದೆ. ಅದೇ ವರ್ಷ ಪೋರ್ಚುಗಲ್‌ನಲ್ಲಿ ಹಾಥಾರ್ನ್ ರಸ್ತೆಯಲ್ಲಿ ವಿರುದ್ಧ ದಿಕ್ಕಿಗೆ ಕಾರು ಓಡಿಸಿದರೆಂದು ಅವರನ್ನು ಅನರ್ಹಗೊಳಿಸಲು ಹೊರಟಿದ್ದರು. ಅವರು ರಸ್ತೆಯಲ್ಲಿ ಅಲ್ಲ, ಕಾಲುದಾರಿಯಲ್ಲಿ ಹೋದದ್ದು ಎಂದು ಸಾಕ್ಷಿ ನುಡಿದು ಅಂಕ ಉಳಿಸಿಕೊಟ್ಟವರು ಮಾಸ್! ಆ ವರ್ಷ ಮಾಸ್ ನಾಲ್ಕು ರೇಸ್ ಗೆದ್ದಿದ್ದರು, ಹಾಥಾರ್ನ್ ಒಂದೇ. ಮಾಸ್ ಕೊನೆಯವರೆಗೂ ಚಾಂಪಿಯನ್ ಆಗಲಿಲ್ಲ. ಕಾಸಾಬ್ಲಾಂಕಾದಲ್ಲಿ ಸುಟ್ಟಗಾಯಗೊಂಡ ಸ್ಟುವರ್ಟ್ ಲೂಯಿಸ್-ಇವಾನ್ಸ್ ಆರು ದಿನಗಳ ಮೇಲೆ ತೀರಿಕೊಂಡರು. ನಿವೃತ್ತಿ ಘೋಷಿಸಿದ ಹಾಥಾರ್ನ್ ಮರು ಜನವರಿಯಲ್ಲಿ ಊರ ರಸ್ತೆಯ ಅಪಘಾತದಲ್ಲಿ ಹೋದರು.

1962ರಲ್ಲಿ ಮತ್ತೆ ಸುಮಾರು ಮೂರು ತಿಂಗಳ ಕಾಯುವಿಕೆ. ಅಕ್ಟೋಬರ್ 7ರಂದು ಅಮೆರಿಕದ ರೇಸ್ ಮುಗಿದರೆ ಕೊನೆಯದು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್‌ನಲ್ಲಿ ಡಿಸೆಂಬರ್ 29ಕ್ಕೆ. ಗ್ರಹಮ್ ಹಿಲ್ 39, ಜಿಮ್ ಕ್ಲಾರ್ಕ್ 30. ನೋಡಿದರೆ ಅಂತರ ದೊಡ್ಡದು. ಆದರೆ ಹಿಲ್ ಎರಡನೆಯವರಾಗಿ ಬಂದರೂ ಐದು ಫಲಿತಾಂಶಗಳ ನಿಯಮದಿಂದ ಅವರ ಖಾತೆಗೆ ಏನೂ ಸೇರುತ್ತಿರಲಿಲ್ಲ. ಕ್ಲಾರ್ಕ್ ಗೆದ್ದರೆ ಇಬ್ಬರದೂ 39, ಹೆಚ್ಚು ಗೆಲುವುಗಳ ಆಧಾರದಲ್ಲಿ ಪಟ್ಟ ಕ್ಲಾರ್ಕ್‌ಗೆ. ಅಂದರೆ ಹಿಂದಿದ್ದವರಿಗೆ ಒಂದೇ ಕೆಲಸ, ಗೆಲ್ಲುವುದು. ಕ್ಲಾರ್ಕ್ ಅದನ್ನೇ ಮಾಡುತ್ತಿದ್ದರು, 82 ಸುತ್ತುಗಳಲ್ಲಿ 61 ಮುಗಿಯುವವರೆಗೆ. ಸಣ್ಣದೊಂದು ಬೋಲ್ಟ್ ಕಳಚಿ ಬಿತ್ತು, ಎಣ್ಣೆ ಸೋರಿತು, ಕಾರು ನಿಂತಿತು. ಎರಡು ವರ್ಷಗಳ ನಂತರ ಮೆಕ್ಸಿಕೋದಲ್ಲೂ ಕ್ಲಾರ್ಕ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೊನೆಯ ಸುತ್ತಿನವರೆಗೆ ಅವರೇ ಚಾಂಪಿಯನ್. ಎಣ್ಣೆ ಸೋರಿ ಅವರ ಎಂಜಿನ್ ನಿಂತ ಕ್ಷಣ ಪಟ್ಟ ಹಿಲ್ ಕಡೆ ವಾಲಿತು. ಎರಡನೆಯ ಸ್ಥಾನದಲ್ಲಿದ್ದ ಫೆರಾರಿಯ ಲೊರೆಂಜೊ ಬಾಂಡಿನಿ ತಮ್ಮ ತಂಡದ ಜಾನ್ ಸರ್ಟೀಸ್‌ಗೆ ದಾರಿ ಬಿಟ್ಟಾಗ ಅದು ಸರ್ಟೀಸ್ ಪಾಲಾಯಿತು, 40ಕ್ಕೆ 39ರಂತೆ. ಮೋಟಾರ್‌ಸೈಕಲ್ಲಿನಲ್ಲೂ ಕಾರಿನಲ್ಲೂ ವಿಶ್ವಪಟ್ಟ ಗೆದ್ದವರು ಇಂದಿಗೂ ಸರ್ಟೀಸ್ ಒಬ್ಬರೇ.

ಈ ಪಟ್ಟಿಯನ್ನು ನೋಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೊನೆಯ ರೇಸಿಗೆ ಮುನ್ನ ಮುಂದಿರುವವರು ಲೆಕ್ಕ ಹಾಕುತ್ತ ಕಾಯುತ್ತಾರೆ. ಹಿಂದಿರುವವರಿಗೆ ಲೆಕ್ಕವೇ ಬೇಕಿಲ್ಲ. ಮುನ್ನಡೆ ಎಂಬುದು ಆ ದಿನಗಳಲ್ಲಿ ಬಲಕ್ಕಿಂತ ಹೆಚ್ಚಾಗಿ ಭಾರ. ಇದು ಎಲ್ಲ ವರ್ಷಕ್ಕೂ ಒಪ್ಪುವ ಮಾತಲ್ಲ, ಬ್ರಾಬಮ್ ಮತ್ತು ಹಾಥಾರ್ನ್ ಮುನ್ನಡೆ ಉಳಿಸಿಕೊಂಡವರೇ. ಆದರೂ 1976ರ ಕಥೆ ಕೇಳಿದವರು ಸುಲಭವಾಗಿ ತಳ್ಳಿಹಾಕುವ ಮಾತೂ ಅಲ್ಲ.

ಆ ವರ್ಷದ ಆಗಸ್ಟ್ 1ರಂದು ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಫೆರಾರಿಯ ನಿಕಿ ಲಾಡಾ ಅವರ ಕಾರಿಗೆ ಬೆಂಕಿ ಹೊತ್ತಿತು. ಆಸ್ಪತ್ರೆಯಲ್ಲಿ ಪಾದ್ರಿ ಬಂದು ಅಂತಿಮ ಪ್ರಾರ್ಥನೆಯನ್ನೂ ಸಲ್ಲಿಸಿದರು. ಎರಡೇ ರೇಸ್ ತಪ್ಪಿಸಿಕೊಂಡ ಲಾಡಾ ಸೆಪ್ಟೆಂಬರ್ 12ರಂದು ಮೋಂಜಾದಲ್ಲಿ, ಇನ್ನೂ ಮಾಗದ ಗಾಯಗಳ ಮೇಲೆ ಹೆಲ್ಮೆಟ್ ಹಾಕಿಕೊಂಡು ನಾಲ್ಕನೆಯವರಾದರು. ಎದುರಾಳಿ ಮೆಕ್ಲಾರೆನ್‌ನ ಜೇಮ್ಸ್ ಹಂಟ್. ಅದೇ ತಿಂಗಳ ಕೊನೆಗೆ ಮೇಲ್ಮನವಿ ನ್ಯಾಯಮಂಡಳಿ ಹಂಟ್ ಜುಲೈಯಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಗಳಿಸಿದ್ದ ಗೆಲುವನ್ನು ಕಿತ್ತು ಲಾಡಾ ಅವರಿಗೆ ಕೊಟ್ಟಿತು. ಲಾಡಾ 64, ಹಂಟ್ 47. ಅಂತರ 17. ಕೆನಡಾದಲ್ಲಿ ಹಂಟ್ ಗೆದ್ದರು, ಅಂತರ 8. ಅಕ್ಟೋಬರ್ 10ರಂದು ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲೂ ಗೆದ್ದರು, ಲಾಡಾ ಮೂರನೆಯವರಾದರು, ಅಂತರ 3. ಉಳಿದದ್ದು ಜಪಾನಿನ ಫ್ಯೂಜಿ, ಅಕ್ಟೋಬರ್ 24. ಏಷ್ಯಾದಲ್ಲಿ ನಡೆದ ಮೊಟ್ಟಮೊದಲ ವಿಶ್ವಪಟ್ಟದ ಫಾರ್ಮುಲಾ ಒನ್ ರೇಸ್ ಅದು.

ಆ ಎರಡು ವಾರ ಪತ್ರಿಕೆಗಳಿಗೆ ಸುಗ್ಗಿ. ಒಬ್ಬರು ಸಾವಿನ ದವಡೆಯಿಂದ ಎದ್ದು ಬಂದ ಶಿಸ್ತಿನ ಮನುಷ್ಯ, ಇನ್ನೊಬ್ಬರು ಮೋಜಿನ ಬದುಕಿಗೆ ಹೆಸರಾದ ಚೆಲುವ. ರೇಸಿಂಗನ್ನು ಅದುವರೆಗೆ ತಿರುಗಿಯೂ ನೋಡದವರು ಅಂಕಪಟ್ಟಿ ಓದತೊಡಗಿದ್ದು ಆಗಲೇ. ಫ್ಯೂಜಿಯಲ್ಲಿ ಸ್ಥಳೀಯರಿಗೂ ಒಂದು ಆಸೆ ಹುಟ್ಟಿತು: ಜಪಾನಿನಲ್ಲೇ ಕಟ್ಟಿದ ಕೊಜಿಮಾ ಕಾರಿನಲ್ಲಿ ಮಸಾಹಿರೊ ಹಸೆಮಿ ಅಭ್ಯಾಸದಲ್ಲಿ ಮುಂಚೂಣಿಯವರ ಸಮಕ್ಕೆ ಓಡಿ, ಆಮೇಲೆ ಅಪಘಾತ ಮಾಡಿಕೊಂಡರು.

ಭಾನುವಾರ ಬೆಳಗಾದರೆ ಧಾರಾಕಾರ ಮಳೆ, ಮಂಜು. ರೇಸ್ ನಡೆಸಬೇಕೇ ಬೇಡವೇ ಎಂದು ಚಾಲಕರ ನಡುವೆ ಗಂಟೆಗಟ್ಟಲೆ ಚರ್ಚೆ. ಲಾಡಾ, ಹಂಟ್ ಇಬ್ಬರಿಗೂ ಮನಸ್ಸಿರಲಿಲ್ಲ. ಅತ್ತ ಟೆಲಿವಿಷನ್ ಪ್ರಸಾರ ಕಾದಿತ್ತು, ಇತ್ತ ಕತ್ತಲು ಬರುತ್ತಿತ್ತು. ಕೊನೆಗೆ ತಡವಾಗಿ ಶುರುವಾಯಿತು. ಸುಟ್ಟ ರೆಪ್ಪೆಗಳಿಂದಾಗಿ ಸರಿಯಾಗಿ ಕಣ್ಣು ಮಿಟುಕಿಸಲಾಗದ ಲಾಡಾ ಎರಡು ಸುತ್ತು ಮುಗಿಸಿ ಪಿಟ್‌ಗೆ ಬಂದು ಕಾರಿನಿಂದ ಇಳಿದರು. ಎಂಜಿನ್ ಕೆಟ್ಟಿತೆಂದು ಹೇಳೋಣ ಎಂದು ತಂಡದ ಮುಖ್ಯ ಎಂಜಿನಿಯರ್ ಮಾವ್ರೊ ಫೋರ್ಗಿಯೇರಿ ಸೂಚಿಸಿದರೆ ಲಾಡಾ ಒಪ್ಪಲಿಲ್ಲ. ಮುಂದೆ ಓಡುತ್ತಿದ್ದ ಹಂಟ್ ಟೈರು ಕೆಟ್ಟು ಕೊನೆಯಲ್ಲಿ ಪಿಟ್‌ಗೆ ಬರಬೇಕಾಯಿತು, ಐದನೆಯ ಸ್ಥಾನಕ್ಕೆ ಜಾರಿದರು, ಮತ್ತೆ ಇಬ್ಬರನ್ನು ಹಿಂದಿಕ್ಕಿದರು. ರೇಸ್ ಮುಗಿದಾಗ ತಾನು ಸೋತೆನೆಂದೇ ತಿಳಿದು ತಂಡದ ಮುಖ್ಯಸ್ಥರ ಮೇಲೆ ರೇಗಾಡಿದರು. ಮೂರನೆಯ ಸ್ಥಾನ ಎಂದು ಅವರನ್ನು ನಂಬಿಸಬೇಕಾಯಿತು. 69ಕ್ಕೆ 68.

ಹತ್ತು ವರ್ಷಗಳ ನಂತರ, 1986ರ ಅಕ್ಟೋಬರ್ 26ರಂದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನೈಜೆಲ್ ಮ್ಯಾನ್ಸೆಲ್‌ಗೆ ಬೇಕಿದ್ದದ್ದು ಮೂರನೆಯ ಸ್ಥಾನ ಮಾತ್ರ. ಆ ಜಾಗದಲ್ಲೇ ಅವರು ಆರಾಮವಾಗಿದ್ದರು. ಅದಕ್ಕೆ ಮೊದಲು ಎದುರಾಳಿ ಆಲಾ ಪ್ರಾಸ್ಟ್ ಪಂಕ್ಚರ್ ಆಗಿ ಪಿಟ್‌ಗೆ ಬಂದಾಗ ಅವರ ಹಳೆಯ ಟೈರುಗಳನ್ನು ನೋಡಿದ ತಯಾರಕರು, ಸವೆತ ಕಡಿಮೆ, ಕೊನೆಯವರೆಗೆ ಬಾಳುತ್ತವೆ ಎಂದು ತೀರ್ಮಾನಿಸಿದ್ದರು. ಆ ತೀರ್ಮಾನ ಎಲ್ಲರನ್ನೂ ದಾರಿ ತಪ್ಪಿಸಿತು. 64ನೆಯ ಸುತ್ತಿನಲ್ಲಿ ನೇರ ದಾರಿಯಲ್ಲಿ ಮ್ಯಾನ್ಸೆಲ್ ಅವರ ಹಿಂದಿನ ಟೈರು ಸಿಡಿಯಿತು. ಹೆದರಿದ ಅವರ ವಿಲಿಯಮ್ಸ್ ತಂಡ ತನ್ನ ಇನ್ನೊಬ್ಬ ಚಾಲಕ ನೆಲ್ಸನ್ ಪಿಕೆ ಅವರನ್ನೂ ಟೈರು ಬದಲಿಸಲು ಒಳಗೆ ಕರೆಯಿತು. ಪಂಕ್ಚರ್ ಪುಣ್ಯದಿಂದ ಹೊಸ ಟೈರು ಪಡೆದಿದ್ದ ಪ್ರಾಸ್ಟ್ ರೇಸ್ ಗೆದ್ದರು, ಪಟ್ಟವನ್ನೂ ಗೆದ್ದರು.

2010ರ ಅಬುಧಾಬಿಯಲ್ಲಿ ಲೆಕ್ಕದ ಭಾರ ಇನ್ನೂ ಬೆತ್ತಲಾಗಿ ಕಂಡಿತು. ಫರ್ನಾಂಡೊ ಅಲೊನ್ಸೊ 246, ಮಾರ್ಕ್ ವೆಬರ್ 238, ಸೆಬಾಸ್ಟಿಯನ್ ವೆಟೆಲ್ 231, ಹ್ಯಾಮಿಲ್ಟನ್ 222. ನಾಲ್ವರಿಗೂ ಅವಕಾಶ. ವೆಬರ್ ಮೇಲೆಯೇ ಕಣ್ಣಿಟ್ಟಿದ್ದ ಫೆರಾರಿ, ವೆಬರ್ ಪಿಟ್‌ಗೆ ಹೋದ ಬಳಿಕ ಅಲೊನ್ಸೊ ಅವರನ್ನೂ ಕರೆಸಿಕೊಂಡಿತು. ಹೊರಬಂದ ಅಲೊನ್ಸೊ ರೆನೊ ಕಾರಿನ ವಿಟಾಲಿ ಪೆಟ್ರೋವ್ ಹಿಂದೆ ಸಿಕ್ಕಿಬಿದ್ದು ಏಳನೆಯವರಾಗಿ ಉಳಿದರು. ಮುಂದೆ ಯಾರ ಗಮನಕ್ಕೂ ಬೀಳದಂತೆ ಓಡುತ್ತಿದ್ದ ವೆಟೆಲ್ 256 ಅಂಕಗಳೊಂದಿಗೆ ಚಾಂಪಿಯನ್. ಆ ಇಡೀ ವರ್ಷ ಅವರು ಅಂಕಪಟ್ಟಿಯ ತುದಿಯಲ್ಲಿ ಒಂದು ದಿನವೂ ಇರಲಿಲ್ಲ.

ಈ ಕಾಯುವಿಕೆಗೆ ಬೆಲೆಯಿದೆ ಎಂಬುದು ಸಂಘಟಕರಿಗೂ ಗೊತ್ತು. 2014ರಲ್ಲಿ ಕೊನೆಯ ರೇಸಿಗೆ ಮಾತ್ರ ಎರಡು ಪಟ್ಟು ಅಂಕ ಎಂಬ ನಿಯಮ ತಂದರು. ಕುತೂಹಲವನ್ನು ಕಾರ್ಖಾನೆಯಲ್ಲಿ ತಯಾರಿಸುವ ಆ ಪ್ರಯತ್ನ ಅಭಿಮಾನಿಗಳಿಗೆ ಹಿಡಿಸಲಿಲ್ಲ, ಮರುವರ್ಷವೇ ಕೈಬಿಟ್ಟರು. ಸಹಜವಾಗಿ ಬಂದದ್ದರ ರುಚಿಯೇ ಬೇರೆ. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಮೈಕೆಲ್ ಶುಮಾಕರ್ 78, ಜಾಕ್ ವಿಲ್‌ನೆವ್ 77 ಅಂಕಗಳಲ್ಲಿದ್ದರು. ಶನಿವಾರದ ಅರ್ಹತಾ ಸುತ್ತಿನಲ್ಲಿ ವಿಲ್‌ನೆವ್, ಶುಮಾಕರ್, ಹೈಂಜ್-ಹರಾಲ್ಡ್ ಫ್ರೆಂಟ್ಜೆನ್ ಮೂವರೂ 1 ನಿಮಿಷ 21.072 ಸೆಕೆಂಡಿನಲ್ಲೇ ಮುಗಿಸಿದರು, ಸೆಕೆಂಡಿನ ಸಾವಿರದ ಒಂದು ಭಾಗದಷ್ಟೂ ವ್ಯತ್ಯಾಸವಿಲ್ಲದೆ. ಯಾವ ಕಥೆಗಾರ ಬರೆದಿದ್ದರೂ ಅತಿಯಾಯಿತು ಎನ್ನುತ್ತಿದ್ದೆವು. ಬೇಕೆಂದೇ ಡಿಕ್ಕಿ ಹೊಡೆದರೆ ಸುಮ್ಮನಿರುವುದಿಲ್ಲ ಎಂದು ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಮೊದಲೇ ಎಚ್ಚರಿಸಿದ್ದರು. ಶುಮಾಕರ್ ಡಿಕ್ಕಿ ಹೊಡೆದರು, ತಾವೇ ರಸ್ತೆಯಾಚೆ ಹೋಗಿ ನಿಂತರು, ಆ ವರ್ಷದ ಅಂಕಪಟ್ಟಿಯಿಂದಲೇ ಅವರ ಹೆಸರು ತೆಗೆದುಹಾಕಿದರು.

ಕನ್ನಡನಾಡಿನವರು ಇಂಥ ಒಂದು ರೇಸನ್ನು ಸ್ವಲ್ಪ ನಮ್ಮದೂ ಎಂದು ನೋಡಿದ್ದು 2008ರ ನವೆಂಬರ್ 2ರಂದು. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಮಧ್ಯಾಹ್ನ, ನಮ್ಮಲ್ಲಿ ರಾತ್ರಿ ಹತ್ತೂವರೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾಕ್ಕೆ ಅದು ಮೊದಲ ವರ್ಷ, ಒಂದು ಅಂಕವೂ ಬಂದಿರಲಿಲ್ಲ. ಮಳೆ ನಿಂತು ರಸ್ತೆ ಆರತೊಡಗಿದಾಗ ಎಲ್ಲರಿಗಿಂತ ಮೊದಲು ಒಣ ಟೈರಿಗೆ ಬದಲಾಯಿಸಿದ್ದು ಆ ತಂಡದ ಜಾನ್‌ಕಾರ್ಲೊ ಫಿಸಿಕೆಲ್ಲಾ. ಸ್ವಲ್ಪ ಹೊತ್ತು ಐದನೆಯ ಸ್ಥಾನಕ್ಕೂ ಏರಿದರು. ಹ್ಯಾಮಿಲ್ಟನ್ 94, ಅದೇ ಊರಿನ ಮಗ ಫೆಲಿಪೆ ಮಾಸಾ 87. ಮಾಸಾ ಗೆದ್ದರೂ ಹ್ಯಾಮಿಲ್ಟನ್ ಐದನೆಯವರಾದರೆ ಸಾಕಿತ್ತು. ಕೊನೆಯ ಸುತ್ತುಗಳಲ್ಲಿ ಮತ್ತೆ ಮಳೆ. ವೆಟೆಲ್ ಹ್ಯಾಮಿಲ್ಟನ್ ಅವರನ್ನು ಹಿಂದಿಕ್ಕಿ ಆರನೆಯ ಸ್ಥಾನಕ್ಕೆ ತಳ್ಳಿದರು. ಮಾಸಾ ಗೆದ್ದು ಗುರಿ ದಾಟಿದರು, ಅವರ ಮನೆಯವರು ಕುಣಿದರು. ಅಷ್ಟರಲ್ಲಿ ಒಣ ಟೈರಿನಲ್ಲೇ ಜಾರುತ್ತಿದ್ದ ಟಿಮೊ ಗ್ಲಾಕ್ ಅವರನ್ನು ಹ್ಯಾಮಿಲ್ಟನ್ ಕೊನೆಯ ತಿರುವುಗಳಲ್ಲಿ ದಾಟಿದ್ದರು. 98ಕ್ಕೆ 97. ಬೆಂಗಳೂರಿನಲ್ಲಿ ಆಗ ನಡುರಾತ್ರಿ ಕಳೆದಿತ್ತು.

ಮರುವರ್ಷ ಗೊತ್ತಾದ ಸಂಗತಿ ಆ ಲೆಕ್ಕವನ್ನೇ ಕಲಕಿತು. 2008ರ ಸಿಂಗಪುರ ರೇಸಿನಲ್ಲಿ ರೆನೊ ತಂಡದ ನೆಲ್ಸನ್ ಪಿಕೆ ಜೂನಿಯರ್ ಅಲೊನ್ಸೊ ಅವರಿಗೆ ಅನುಕೂಲವಾಗಲೆಂದು ಬೇಕೆಂದೇ ಗೋಡೆಗೆ ಗುದ್ದಿದ್ದರು. ಅದರ ಹಿಂದೆಯೇ ಎದ್ದ ಪಿಟ್ ಗಡಿಬಿಡಿಯಲ್ಲಿ ಮಾಸಾ ಇಂಧನದ ಕೊಳವೆಯನ್ನು ಎಳೆದುಕೊಂಡೇ ಹೊರಟು, ಅಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. ಆ ವರ್ಷದ ಪಟ್ಟದ ವಿಷಯವಾಗಿ ಮಾಸಾ 2024ರ ಮಾರ್ಚ್‌ನಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದರು.