ಸದನದ ಪೀಠ: ಚರ್ಚೆಯ ಪ್ರಸ್ತುತತೆ ಮತ್ತು ಶಿಸ್ತು

ಶಾಸನಸಭೆಯ ಚರ್ಚೆ ಎತ್ತಿಕೊಂಡ ವಿಷಯವನ್ನು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಮತ್ತು ಸದನದಲ್ಲಿ ಶಿಸ್ತು ಕಾಯುವುದು, ಇವೆರಡೂ ಪೀಠದಲ್ಲಿ ಕೂತವರ ಕರ್ತವ್ಯಗಳು. ಕರ್ನಾಟಕದಲ್ಲಿ ಈ ಹೊಣೆ ವಿಧಾನಸಭೆಯಲ್ಲಿ ಸಭಾಧ್ಯಕ್ಷರದು, ವಿಧಾನ ಪರಿಷತ್ತಿನಲ್ಲಿ ಸಭಾಪತಿಯವರದು. ಸಂವಿಧಾನದ 178 ಮತ್ತು 182ನೇ ವಿಧಿಗಳು ಈ ಸ್ಥಾನಗಳನ್ನು ಏರ್ಪಡಿಸಿವೆ. ಸದನ ತನ್ನ ನಡಾವಳಿಯ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ 208ನೇ ವಿಧಿಯಿಂದ ಬಂದದ್ದು. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಶಿಸ್ತಿನ ಸಂಗತಿ ಮಾತ್ರ: ಬಾವಿಗಿಳಿದವರು, ಹೊತ್ತೊಯ್ದ ಮಾರ್ಷಲ್‌ಗಳು, ಅಮಾನತು. ಆದರೆ ಶಿಸ್ತು ಬಹುಪಾಲು ಪ್ರಸ್ತುತತೆಯ ಫಲ. ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಕ್ಕೀತೆಂಬ ನಂಬಿಕೆ ಸದಸ್ಯನಿಗಿದ್ದರೆ ಆತ ತನ್ನ ಜಾಗದಲ್ಲೇ ನಿಂತು ಮಾತಾಡುತ್ತಾನೆ. ಆ ನಂಬಿಕೆ ಸತ್ತ ಮೇಲೆ ಯಾವ ನಿಯಮವೂ ಅವನನ್ನು ಕೂರಿಸಲಾರದು. ಆದ್ದರಿಂದ ಪೀಠವು ವಿಷಯಾಂತರವನ್ನು ಮೊದಲು ತಡೆಯಬೇಕಾದದ್ದು ಮಂತ್ರಿಗಳ ಸಾಲಿನಲ್ಲಿ.

ಪ್ರಸ್ತುತತೆಗೆ ಎಲ್ಲ ಹೊತ್ತಿಗೂ ಒಂದೇ ಅಳತೆ ಇಲ್ಲ. ರಾಜ್ಯಪಾಲರ ಭಾಷಣದ ವಂದನಾ ನಿರ್ಣಯದಲ್ಲೂ ಬಜೆಟ್ಟಿನ ಸಾಮಾನ್ಯ ಚರ್ಚೆಯಲ್ಲೂ ಸರ್ಕಾರದ ಇಡೀ ಆಡಳಿತ ಮಾತಿಗೆ ಒಳಪಡುತ್ತದೆ. ಇಲಾಖಾವಾರು ಬೇಡಿಕೆಗೆ ಬಂದಾಗ ಆ ಇಲಾಖೆಯಷ್ಟೇ. ಮಸೂದೆಯ ಪರ್ಯಾಲೋಚನೆಯಲ್ಲಿ ಅದರ ತತ್ವ, ಖಂಡವಾರು ಹಂತದಲ್ಲಿ ಆ ಖಂಡ ಮತ್ತು ಅದರ ತಿದ್ದುಪಡಿ. ಈ ಗೆರೆಗಳು ಪುಸ್ತಕದಲ್ಲಿ ಸ್ಪಷ್ಟ, ನೆಲದ ಮೇಲೆ ಅಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಕುಂಸಿಯ ಕಡೆಯಿಂದ ನೋಡಿದರೆ ಇದು ಅರ್ಥವಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಕಣಿವೆಯಿಂದ ಎದ್ದುಬಂದ ಮುಳುಗಡೆ ಕುಟುಂಬಗಳನ್ನು ಜಿಲ್ಲೆಯ ನಾನಾ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಗೊಳಿಸಲಾಯಿತು. ಹಕ್ಕುಪತ್ರದ ತಕರಾರು ಎರಡು ತಲೆಮಾರು ಕಳೆದರೂ ಬಗೆಹರಿಯಲಿಲ್ಲ. ವಿದ್ಯುತ್ ಇಲಾಖೆಯ ಬೇಡಿಕೆ ಚರ್ಚೆಯಾಗುವಾಗ ಈ ಭಾಗದ ಶಾಸಕ ಮುಳುಗಡೆಯವರ ಜಮೀನಿನ ಮಾತೆತ್ತಿದರೆ, ಅದು ಕಂದಾಯ ಮತ್ತು ಅರಣ್ಯ ಇಲಾಖೆಗಳ ವಿಷಯ, ಕೂತುಕೊಳ್ಳಿ ಎನ್ನುವುದು ಸುಲಭ. ಪೀಠ ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಮಾತಿಗೂ ಈ ಬೇಡಿಕೆಗೂ ಏನು ಸಂಬಂಧ? ವಿದ್ಯುತ್ ಯೋಜನೆಯ ವೆಚ್ಚದಲ್ಲಿ ಪುನರ್ವಸತಿಯೂ ಸೇರಿತ್ತು, ಅದು ಪೂರ್ತಿಯಾಗಿಲ್ಲ ಎಂದು ಆತ ತೋರಿಸಿಕೊಟ್ಟರೆ ಮಾತು ವಿಷಯದ ಒಳಗೇ ಇದೆ. ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ದಾವೆಯ ಗುಣದೋಷಕ್ಕೆ ಹೋದರೆ ತಡೆಯಬೇಕು. ಸಂಬಂಧ ತೋರಿಸುವ ಅವಕಾಶ ಸದಸ್ಯನಿಗೆ, ಅದು ಸಾಲದಾಯಿತೆಂದು ಹೇಳುವ ಅಧಿಕಾರ ಪೀಠಕ್ಕೆ. ಈ ಕ್ರಮ ತಿರುವುಮುರುವಾದರೆ ಮಲೆನಾಡಿನಂಥ ಪ್ರದೇಶದ ದುಃಖಕ್ಕೆ ಯಾವ ಇಲಾಖೆಯ ಬಾಗಿಲೂ ತೆರೆಯುವುದಿಲ್ಲ.

ಈ ಅಧಿಕಾರ ಹುಟ್ಟಿದ್ದು ಗದ್ದಲದಿಂದಲ್ಲ, ಮುಗಿಯದ ಮಾತಿನಿಂದ. 1881ರ ಜನವರಿ ಕೊನೆಯಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಐರಿಷ್ ಸದಸ್ಯರು ದಮನ ಮಸೂದೆಯೊಂದನ್ನು ಭಾಷಣಗಳಿಂದಲೇ ತಡೆದು 41 ಗಂಟೆ ಕೂಟ ನಡೆಸಿದರು. ಫೆಬ್ರವರಿ 2ರಂದು ಸ್ಪೀಕರ್ ಹೆನ್ರಿ ಬ್ರ್ಯಾಂಡ್ ತಮ್ಮ ಹೊಣೆಯ ಮೇಲೆ ಚರ್ಚೆ ನಿಲ್ಲಿಸಿದರು. ವಿಷಯಾಂತರ ಮತ್ತು ಪುನರುಕ್ತಿಯ ನಿಯಮ ಮರುವರ್ಷ ಬಂತು. ನಮ್ಮ ಲೋಕಸಭೆಯ 356ನೇ ನಿಯಮ ಅದೇ ದಾರಿಯದು: ಸದಸ್ಯನ ವರ್ತನೆಯನ್ನು ಮೊದಲು ಸದನದ ಗಮನಕ್ಕೆ ತರಬೇಕು, ಆಮೇಲೆ ಭಾಷಣ ನಿಲ್ಲಿಸಲು ಹೇಳಬಹುದು. ಅದೇ 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯ ಮೊದಲ ಕೂಟವನ್ನು ಕರೆದರು. 144 ಪ್ರತಿನಿಧಿಗಳ ಮುಂದೆ ಸಂಸ್ಥಾನದ ಆಯವ್ಯಯವನ್ನು ಇಟ್ಟದ್ದು ದೊಡ್ಡ ಹೆಜ್ಜೆ, ನಿಜ. ಆದರೆ ಅಲ್ಲಿ ಉತ್ತರ ಕೊಡಬೇಕಾದ ದಿವಾನರೇ ಅಧ್ಯಕ್ಷ ಪೀಠದಲ್ಲೂ ಇದ್ದರು. ಯಾವ ಮಾತು ಪ್ರಸ್ತುತ ಎಂದು ತೀರ್ಮಾನಿಸುವವರೂ ಅವರೇ. ಚುನಾಯಿತ ಸಭಾಧ್ಯಕ್ಷರು ಬಂದಾಗ ಬದಲಾದದ್ದು ಇದು: ಸರ್ಕಾರಕ್ಕೆ ಪೀಠದಿಂದ ಕೆಳಗಿಳಿದು ಉತ್ತರಿಸುವ ಬೆಂಚಿನಲ್ಲಿ ಕೂರಬೇಕಾಯಿತು.

ಈ ಬದಲಾವಣೆಯನ್ನು ಶಿವಮೊಗ್ಗ ಜಿಲ್ಲೆಯವರೊಬ್ಬರು ಪೀಠದಿಂದ ತೋರಿಸಿಕೊಟ್ಟರು. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಹೋರಾಟ ಶಾಂತವೇರಿ ಗೋಪಾಲಗೌಡರನ್ನು ಮರುವರ್ಷ ವಿಧಾನಸಭೆಗೆ ಕಳಿಸಿತು; ಅದೇ ಹೋರಾಟದ ನೆಲದ ಕಾಗೋಡು ತಿಮ್ಮಪ್ಪ 2013ರಿಂದ 2016ರವರೆಗೆ ಸಭಾಧ್ಯಕ್ಷರಾಗಿದ್ದರು. ಬಗರ್‌ಹುಕುಂ ಅರ್ಜಿಗಳ ವಿಳಂಬ, ಅರಣ್ಯ ಹಕ್ಕು ಕಾಯ್ದೆಯ ಜಾರಿ ಬಂದಾಗ ಅವರು ತಮ್ಮದೇ ಪಕ್ಷದ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಪೀಠದಲ್ಲಿರುವವರು ಚರ್ಚೆಯಲ್ಲಿ ಪಕ್ಷ ವಹಿಸಕೂಡದು, ರೈತರ ಪರವಾಗಿಯೂ ಸಹ. ಆಕ್ಷೇಪ ಸರಿಯೇ. ಉತ್ತರ ಕೊಡಿ ಎಂದು ಮಂತ್ರಿಯನ್ನು ಒತ್ತಾಯಿಸುವುದು ಪೀಠದ ಕೆಲಸ. ಉತ್ತರ ಇಂಥದ್ದೇ ಆಗಿರಬೇಕೆನ್ನುವುದು ಅಲ್ಲ. ಭೂಮಿಯ ವಿಷಯದಲ್ಲಿ ತಿಮ್ಮಪ್ಪನವರು ತಮ್ಮ ನಿಲುವನ್ನು ಮುಚ್ಚಿಟ್ಟವರಲ್ಲ. ಆದರೂ ಮಂತ್ರಿ ಹಾರಿಕೆಯ ಮಾತಾಡಿ ಕೂರುವಾಗ ಸುಮ್ಮನಿರುವ ಪೀಠಕ್ಕಿಂತ ಈ ಅತಿರೇಕ ಸದನಕ್ಕೆ ಹೆಚ್ಚು ಹತ್ತಿರದ್ದು, ಏಕೆಂದರೆ ಆ ಮೌನವೂ ಪಕ್ಷಪಾತವೇ.

ಬಹುಮತದಿಂದ ಆಯ್ಕೆಯಾದವರು ಬಹುಮತವನ್ನು ಹೇಗೆ ತಡೆದಾರು ಎಂಬುದು ಇನ್ನೊಂದು ಆಕ್ಷೇಪ. ನೀಲಂ ಸಂಜೀವರೆಡ್ಡಿ 1967ರಲ್ಲಿ ಲೋಕಸಭೆಯ ಸ್ಪೀಕರ್ ಆದಾಗ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟರು, ಅದು ರೂಢಿಯಾಗಲಿಲ್ಲ. ಶಿವಮೊಗ್ಗದ ಡಿ.ಎಚ್. ಶಂಕರಮೂರ್ತಿ ಪರಿಷತ್ತಿನ ಸಭಾಪತಿಯಾಗಿದ್ದಾಗ ಅವರ ಪದಚ್ಯುತಿಗೆ ಆಡಳಿತ ಪಕ್ಷ 2017ರ ಜೂನಿನಲ್ಲಿ ನಿರ್ಣಯ ತಂದಿತು, ಒಂದೇ ಮತದಿಂದ ಸೋತಿತು. ಪೀಠ ಸಂಖ್ಯೆಯ ನೆರಳಿನಲ್ಲೇ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2020ರ ಡಿಸೆಂಬರ್ 15ರಂದು ಅದೇ ಪರಿಷತ್ತಿನಲ್ಲಿ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದಾಡಿದ್ದು ಆ ನೆರಳಿನ ಅತ್ಯಂತ ಹೇಯ ರೂಪ. ಹಾಗಿದ್ದರೂ ಕಾರಣ ಸಹಿತವಾದ ರೂಲಿಂಗಿಗೆ ಒಂದು ಬಲವಿದೆ: ಇಂದು ವಿರೋಧಿಗೆ ಹೇಳಿದ ಕಾರಣವನ್ನು ನಾಳೆ ಮಂತ್ರಿಯ ಮುಂದೆಯೂ ಓದಬಹುದು. ಕಾರಣವಿಲ್ಲದೆ ಕೊಟ್ಟ ಆಜ್ಞೆಗೆ ಆ ನೆನಪು ಇರುವುದಿಲ್ಲ.

ಗದ್ದಲ ಎದ್ದಮೇಲೆ ಶಿಕ್ಷೆಯ ಹೊರತು ಉಪಾಯವಿಲ್ಲ ಎನ್ನುವವರೂ ಇದ್ದಾರೆ. ಪೀಠದತ್ತ ಕಾಗದ ಎಸೆದವರನ್ನು ಸಹಿಸಿಕೊಳ್ಳಿ ಎಂದು ಯಾರೂ ಹೇಳಲಾರರು. 2023ರ ಜುಲೈನಲ್ಲಿ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರತ್ತ ಕಾಗದ ತೂರಿದ್ದಕ್ಕೆ ಹತ್ತು ಮಂದಿ ಅಧಿವೇಶನದ ಉಳಿದ ಅವಧಿಗೆ ಅಮಾನತಾದರು. ಅದು ಅಳತೆಯೊಳಗಿನ ಶಿಕ್ಷೆ. 2025ರ ಮಾರ್ಚ್ 21ರಂದು ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠವೇರಿದ 18 ಬಿಜೆಪಿ ಶಾಸಕರಿಗೆ ಆದ ಅಮಾನತು ಆರು ತಿಂಗಳಿನದು. ಮಹಾರಾಷ್ಟ್ರದ ಹನ್ನೆರಡು ಶಾಸಕರ ಒಂದು ವರ್ಷದ ಅಮಾನತನ್ನು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ರದ್ದು ಮಾಡಿತ್ತು: ಅಮಾನತಿನ ಉದ್ದೇಶ ಆ ಅಧಿವೇಶನದ ಕಲಾಪ ಸುಗಮವಾಗುವುದು, ಅದನ್ನು ಮೀರಿದರೆ ಕ್ಷೇತ್ರದ ಮತದಾರರ ದನಿಯೇ ಅಡಗುತ್ತದೆ. ಕರ್ನಾಟಕದ ಆದೇಶವನ್ನು ಮೇ 25ರಂದು ಹಿಂಪಡೆಯಲಾಯಿತು. ಮೂರು ತಿಂಗಳೂ ನಿಲ್ಲಲಾಗದ ಶಿಕ್ಷೆಯನ್ನು ಆರು ತಿಂಗಳಿಗೆ ವಿಧಿಸಬೇಕಿರಲಿಲ್ಲ.

ಇದೇ ಹೊಣೆಯ ಚಿಕ್ಕ ರೂಪ ಗ್ರಾಮಸಭೆಯ ಅಧ್ಯಕ್ಷರದು. ಅಲ್ಲಿ ಮಾರ್ಷಲ್‌ಗಳಿಲ್ಲ, ಅಮಾನತೂ ಇಲ್ಲ. ಕುಂಸಿಯಂಥ ಊರಿನಲ್ಲಿ ಫಲಾನುಭವಿಗಳ ಪಟ್ಟಿಯ ಚರ್ಚೆಗೆ ಕರೆದ ಸಭೆಯಲ್ಲಿ ಯಾರಾದರೂ ಅರಣ್ಯ ಇಲಾಖೆಯ ನೋಟಿಸು ಹಿಡಿದು ಎದ್ದರೆ, ಪಂಚಾಯಿತಿಗೆ ಆ ಜಮೀನಿನ ಮೇಲೆ ಅಧಿಕಾರವಿಲ್ಲ ಎಂಬುದು ನಿಜವಾದರೂ, ಅಧ್ಯಕ್ಷರು ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ತಾಲ್ಲೂಕಿಗೆ ಕಳಿಸಬಹುದು, ಆಮೇಲೆ ಪಟ್ಟಿಗೆ ಮರಳಬಹುದು.