ಐರ್ಲೆಂಡಿನ ಮನೆಬೆಣ್ಣೆ: ಒಂದು ಚಾರಿತ್ರಿಕ ವಿವೇಚನೆ

ಬೆಣ್ಣೆ ಕಡೆಯುವಂಥ ಗೃಹಕೃತ್ಯಕ್ಕೆ ಚರಿತ್ರೆಯ ಗ್ರಂಥಗಳಲ್ಲಿ ಸ್ಥಾನ ದೊರೆಯುವುದು ವಿರಳ. ಆದರೆ 18 ಮತ್ತು 19ನೆಯ ಶತಮಾನಗಳ ಐರ್ಲೆಂಡಿನಲ್ಲಿ, ವಿಶೇಷವಾಗಿ ದಕ್ಷಿಣದ ಮನ್‌ಸ್ಟರ್ ಪ್ರಾಂತದಲ್ಲಿ, ಅನೇಕ ಒಕ್ಕಲು ಮನೆಗಳು ಜಮೀನುದಾರನಿಗೆ ಗೇಣಿ ಸಲ್ಲಿಸುತ್ತಿದ್ದುದು ಬೆಣ್ಣೆಯ ಹಣದಿಂದ. ಆ ಬೆಣ್ಣೆ ಬಹುಮಟ್ಟಿಗೆ ಸ್ತ್ರೀಯರ ದುಡಿಮೆಯ ಫಲವಾಗಿತ್ತು.

ಹಾಲನ್ನು ಅಗಲವಾದ ಪಾತ್ರೆಗಳಲ್ಲಿರಿಸಿ, ಮೇಲೆ ಕಟ್ಟಿದ ಕೆನೆಯನ್ನು ಕೆಲವು ದಿನ ಕೂಡಿಹಾಕಿ ಹುಳಿಯಾಗಲು ಬಿಡುತ್ತಿದ್ದರು. ಅನಂತರ ಅದನ್ನು ಎತ್ತರವಾದ ಮರದ ಪೀಪಾಯಿಗೆ ಸುರಿದು, ಮುಚ್ಚಳದ ರಂಧ್ರದಲ್ಲಿ ಇಳಿಬಿಟ್ಟ ಕೋಲನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರು. ಕೆನೆ ತೀರ ತಣ್ಣಗಿದ್ದರೆ ಬೆಣ್ಣೆ ಕೂಡದು. ಬೆಚ್ಚಗಾದರೆ ಮೆತ್ತಗಾಗಿ ಕೆಡುವುದು. ಕೂಡಿದ ಬೆಣ್ಣೆಯನ್ನು ತೊಳೆದು, ಉಪ್ಪು ಬೆರೆಸಿ, ಫರ್ಕಿನ್ ಎಂಬ ಸಣ್ಣ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಕಾರ್ಕ್ ನಗರದಲ್ಲಿ 1770ರ ಸುಮಾರಿಗೆ ವ್ಯವಸ್ಥೆಗೊಂಡ ಮಾರುಕಟ್ಟೆಯಲ್ಲಿ ಪರೀಕ್ಷಕರು ಅದರ ದರ್ಜೆಯನ್ನು ನಿರ್ಣಯಿಸುವರು. ದರ್ಜೆಗೆ ತಕ್ಕಂತೆ ಬೆಲೆ.

ಈ ಹಿನ್ನೆಲೆಯಲ್ಲಿ ಜನಪದ ನಂಬಿಕೆಗಳನ್ನು ಪರಿಶೀಲಿಸಬೇಕು. ಕಡೆಯುವಾಗ ಮನೆಗೆ ಬಂದವನು ಕೋಲಿಗೆ ಕೈಗೂಡಿಸದೆ ಹೋಗಬಾರದು. ಹೋದರೆ ಬೆಣ್ಣೆಯ ಭಾಗ್ಯ ಅವನೊಡನೆ ಹೋಗುವುದು. ಮೇ ತಿಂಗಳ ಮೊದಲ ದಿನ ಮನೆಯಿಂದ ಬೆಂಕಿಯನ್ನಾಗಲಿ ಹಾಲನ್ನಾಗಲಿ ಹೊರಗೆ ಕೊಡಬಾರದು. ಐರಿಷ್ ಜಾನಪದ ಆಯೋಗದ ಆಶ್ರಯದಲ್ಲಿ ಶಾಲಾಮಕ್ಕಳು 1937ರಿಂದ ಹಿರಿಯರ ಬಾಯಿಂದ ಬರೆದುಕೊಂಡ ಸಂಗ್ರಹದಲ್ಲಿ ಇಂಥ ನಂಬಿಕೆಗಳು ಹೇರಳವಾಗಿವೆ. ಇವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಬೆಣ್ಣೆ ಕೂಡದಿದ್ದರೆ ಗೇಣಿಯ ಹಣಕ್ಕೇ ಕೊರತೆ. ಉಷ್ಣತೆಯನ್ನು ಅಳೆಯುವ ಸಾಧನವಿಲ್ಲದ ಗೃಹಿಣಿಗೆ ಕಾರಣ ಕಾಣದು, ಹೊಣೆ ಮಾತ್ರ ತಪ್ಪದು. ಆದುದರಿಂದ ಈ ನಂಬಿಕೆಗಳಲ್ಲಿ ಒಂದು ಕುಟುಂಬದ ಆರ್ಥಿಕ ಭಯವೇ ಅಡಗಿದೆಯೆಂದು ಭಾವಿಸುವುದು ಯುಕ್ತ.

1878ರಲ್ಲಿ ಸ್ವೀಡನ್ನಿನ ಡಿ ಲಾವಾಲ್ ಸಿದ್ಧಪಡಿಸಿದ ಕೆನೆ ಬೇರ್ಪಡಿಸುವ ಯಂತ್ರವು ಈ ವ್ಯವಸ್ಥೆಯನ್ನು ಕದಲಿಸಿತು. ಡೆನ್ಮಾರ್ಕಿನ ಬೆಣ್ಣೆಯ ಪೈಪೋಟಿಯೂ ಬಲವಾಗಿತ್ತು. 1889ರಲ್ಲಿ ಲಿಮರಿಕ್ ಜಿಲ್ಲೆಯ ಡ್ರಮ್‌ಕಾಲಹರ್‌ನಲ್ಲಿ ಮೊದಲ ಸಹಕಾರಿ ಕೆನೆಗೃಹ ಆರಂಭವಾಯಿತು; ಹೊರೇಸ್ ಪ್ಲಂಕೆಟ್ಟನ ನೇತೃತ್ವದಲ್ಲಿ ಚಳವಳಿ ಹಬ್ಬಿತು. ಕಾರ್ಕ್ ಮಾರುಕಟ್ಟೆ 1924ರಲ್ಲಿ ಮುಚ್ಚಿತು.

ಯಂತ್ರವು ಸ್ತ್ರೀಯರ ಕಠಿಣ ಶ್ರಮವನ್ನು ತಗ್ಗಿಸಿತೆಂಬುದು ನಿರ್ವಿವಾದ. ಆದರೆ ಹಾಲು ಗಾಡಿಯೇರಿ ಕೆನೆಗೃಹಕ್ಕೆ ಹೋದಾಗ ಅದರ ಹಣವು ಸಾಮಾನ್ಯವಾಗಿ ಮನೆಯ ಯಜಮಾನನ ಕೈ ಸೇರಿತು. ಕೋಲಿನೊಡನೆ ಗೃಹಿಣಿಯ ಸ್ವಂತ ಸಂಪಾದನೆಯೂ ಮೂಲೆ ಸೇರಿತು. ಸಹಕಾರದ ಚರಿತ್ರೆಯನ್ನು ಬರೆಯುವವರು ಲಾಭದ ಲೆಕ್ಕದೊಡನೆ ಈ ನಷ್ಟವನ್ನೂ ನಮೂದಿಸಬೇಕಾಗಿದೆ.